ನಾಲ್ಕನೆಯ ಬೆರಳು

ಗಿಟಾರ್ ಪಾಠದಲ್ಲಿ ಎಡಗೈ ಬೆರಳುಗಳಿಗೆ ಹೆಸರಿಲ್ಲ, ಸಂಖ್ಯೆ ಇದೆ. ತೋರುಬೆರಳು ಒಂದು, ನಡುಬೆರಳು ಎರಡು, ಉಂಗುರಬೆರಳು ಮೂರು, ಕಿರುಬೆರಳು ನಾಲ್ಕು. ಹೆಬ್ಬೆರಳಿಗೆ ಸಂಖ್ಯೆಯೂ ಇಲ್ಲ. ಅದು ಗಿಟಾರಿನ ಕುತ್ತಿಗೆಯ ಹಿಂದೆ ನಿಂತು ಆನಿಕೆ ಕೊಡುತ್ತದೆ, ಅಷ್ಟೇ. ಹೊಸಬರಿಗೆ ಮೊದಲ ದಿನ ನಾನು ತಂತಿ ಮುಟ್ಟಲು ಬಿಡುತ್ತಿರಲಿಲ್ಲ. ಕಣ್ಣು ಮುಚ್ಚಲು ಹೇಳಿ, ಪೆನ್ಸಿಲಿನ ಹಿಂತುದಿಯಿಂದ ಅವರ ಬೆರಳ ತುದಿಗಳನ್ನು ಅಡ್ಡಾದಿಡ್ಡಿಯಾಗಿ ಮುಟ್ಟುತ್ತಿದ್ದೆ. ಮುಟ್ಟಿದ ಬೆರಳಿನ ಸಂಖ್ಯೆಯನ್ನು ಅವರು ತಕ್ಷಣ ಹೇಳಬೇಕು. ಮಕ್ಕಳಾಟದಂತೆ ಕಾಣುತ್ತದೆ, ಆದರೆ ಮುಂದೆ "ಮೂರನ್ನು ಎರಡನೇ ಮನೆಗೆ ಇಡಿ" ಎಂದಾಗ ಯೋಚಿಸದೆ ಬೆರಳು ಹೋಗುವುದು ಇದರಿಂದಲೇ. ಟೈಪಿಂಗ್ ಮೇಡಂ ಒಬ್ಬರಿಗೆ ಮಾತ್ರ ಈ ಪಾಠ ಮಾಡಲಿಲ್ಲ. ಹತ್ತು ಬೆರಳನ್ನೂ ಪಳಗಿಸಿಕೊಂಡವರಿಗೆ ಅದರ ಅಗತ್ಯವಿಲ್ಲ ಅನ್ನಿಸಿತು.

ಆಗ ನಾನು ಅರಸೀಕೆರೆಯಲ್ಲಿ ಒಂದು ಪತ್ರಿಕೆಯ ವರದಿಗಾರ. ಪೇಜರ್ ಬಂದು ಹೋಗಿತ್ತು, ಮೊಬೈಲ್ ಇನ್ನೂ ಕೆಲವರ ಜೇಬಿನಲ್ಲಷ್ಟೇ ಇತ್ತು. ವಾರವಿಡೀ ಪುರಸಭೆಯ ಜಗಳ, ಕೊಬ್ಬರಿ ಧಾರಣೆ, ಹೆದ್ದಾರಿಯ ಅಪಘಾತ ಎಂದು ಬರೆದು ಫ್ಯಾಕ್ಸ್ ಮಾಡುತ್ತಿದ್ದೆ. ಶನಿವಾರ, ಭಾನುವಾರ ಸಂಜೆ ಗಿಟಾರ್ ಕ್ಲಾಸು. ಕ್ಲಾಸಿಗೆ ಜಾಗ ಸಿಕ್ಕಿದ್ದು ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಕೊನೆಯ ಬ್ಯಾಚಿನವರು ಎದ್ದುಹೋದ ಮೇಲೆ ಟೈಪ್‌ರೈಟರುಗಳಿಗೆ ಮುಸುಕು ಹಾಕಿ, ಅದೇ ಸ್ಟೂಲುಗಳ ಮೇಲೆ ನಾವು ಕೂರುತ್ತಿದ್ದೆವು.

ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಮೇಡಂ ಹತ್ತಿರದ ಗಂಡಸಿ ಊರಿನವರು. ಮೂವತ್ತು ದಾಟಿತ್ತು. ಅಣ್ಣನ ಮನೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮೆಷಿನ್ನುಗಳೂ ಬಾಡಿಗೆ ಕರಾರೂ ಅವರದೇ ಹೆಸರಿನಲ್ಲಿದ್ದವು. ಕಂಪ್ಯೂಟರ್ ಬರುತ್ತಿದೆ ಎಂದು ಊರೆಲ್ಲ ಹೇಳುತ್ತಿದ್ದರೂ ಅವರ ಬ್ಯಾಚುಗಳು ತುಂಬಿರುತ್ತಿದ್ದವು. ನಮ್ಮ ಕ್ಲಾಸು ಮುಗಿಯುವ ತನಕ ಬೀಗದ ಕೈ ಹಿಡಿದು ಕಾಯುವುದು ಅವರ ಪಾಲಿಗೆ ಬಂದಿತ್ತು. ಕಾದು ಸಾಕಾಗಿ ಒಂದು ದಿನ ಹೇಳಿದರು:

"ಸರ್, ಸುಮ್ನೆ ಕೂತು ನನ್ನ ಕೈ ಕಡೀತಾ ಇದೆ. ನಂಗೂ ಹೇಳ್ಕೊಡಿ. ಬಾಡಿಗೆಯಲ್ಲಿ ವಜಾ ಮಾಡ್ಕೊಳ್ಳೋಣ."

ಮೊದಲ ವಾರದಲ್ಲೇ ಗೊತ್ತಾಯಿತು, ಇವರು ಬೇರೆ ಥರದ ವಿದ್ಯಾರ್ಥಿ. ಹೊಸಬರು ಮಾಡುವ ತಪ್ಪುಗಳು ಹೆಚ್ಚು ಕಡಿಮೆ ಒಂದೇ. ಅಂಗೈಯನ್ನು ಗಿಟಾರಿನ ಕುತ್ತಿಗೆಗೆ ಅಂಟಿಸುತ್ತಾರೆ. ಬೆರಳನ್ನು ಚಪ್ಪಟೆ ಮಲಗಿಸಿ ಪಕ್ಕದ ತಂತಿಯ ಬಾಯಿ ಮುಚ್ಚುತ್ತಾರೆ. ಎರಡು ಲೋಹದ ಗೆರೆಗಳ ನಡುವಿನ ಜಾಗವನ್ನು ನಾನು ಮನೆ ಎನ್ನುತ್ತಿದ್ದೆ. ಗೆರೆಯ ಪಕ್ಕಕ್ಕೆ ತಾಗಿದಂತೆ ಒತ್ತಿದರೆ ಕಡಿಮೆ ಬಲಕ್ಕೇ ಸ್ವರ ಶುದ್ಧವಾಗಿ ಬರುತ್ತದೆ, ಆದರೆ ಹೊಸಬರು ಮನೆಯ ನಡುವೆ ಒತ್ತಿ ತಂತಿ ಗುಯ್‌ಗುಡುವಂತೆ ಮಾಡುತ್ತಾರೆ. ಮೇಡಂ ಇದ್ಯಾವುದನ್ನೂ ಮಾಡಲಿಲ್ಲ. ಟೈಪಿಂಗಿನಲ್ಲಿ ಬೆರಳು ಬಾಗಿಯೇ ಇರಬೇಕು, ಮಣಿಕಟ್ಟು ಎಲ್ಲಿಯೂ ಒರಗಬಾರದು. ಅದೇ ಕೈಯನ್ನು ತಿರುಗಿಸಿ ತಂತಿಯ ಮೇಲಿಟ್ಟರು. ಮೊದಲ ಪೊಸಿಷನ್ನಿನಲ್ಲಿ ಮನೆಗೊಂದು ಬೆರಳಿಟ್ಟು, ಒಂದು ಎರಡು ಮೂರು ನಾಲ್ಕು ಎಂದು ಆರೂ ತಂತಿಗಳ ಮೇಲೆ ಹತ್ತಿ ಇಳಿಯುವ ಅಭ್ಯಾಸವಿದೆ. ಅವರು ಅದನ್ನು ನುಡಿಸಿದರೆ ಗಡಿಯಾರದಂತೆ ಕೇಳುತ್ತಿತ್ತು.

"ನಮ್ಮಲ್ಲಿ ಎಡಗೈ ಪಾಠ ಕಿರುಬೆರಳಿಂದ ಶುರು ಸರ್," ಎಂದು ನಕ್ಕರು. "ನಿಮ್ಮಲ್ಲಿ ಪಾಪ, ಅದು ಕೊನೇಲಿ ನಿಂತಿದೆ."

ಕ್ಲಾಸಿನಲ್ಲಿ ಇನ್ನೊಬ್ಬರಿದ್ದರು, ರೈಲ್ವೆಯ ಪಾರ್ಸೆಲ್ ಆಫೀಸಿನ ಗುಮಾಸ್ತರು. ನಲವತ್ತರ ಮೇಲಿನವರು. ಅವರಷ್ಟು ನೋವು ತೋಡಿಕೊಂಡವರನ್ನು ನಾನು ನೋಡಿಲ್ಲ. ಉಕ್ಕಿನ ತಂತಿ ಒತ್ತಿದರೆ ಎಲ್ಲರಿಗೂ ಬೆರಳ ತುದಿ ಉರಿಯುತ್ತದೆ. ಚರ್ಮ ಕೆಂಪಾಗಿ, ಸುಲಿದು, ಆಮೇಲೆ ಗಟ್ಟಿಯಾಗುತ್ತದೆ. ಅದಾಗುವ ಮೊದಲೇ ಅರ್ಧಕ್ಕರ್ಧ ಜನ ಕ್ಲಾಸು ಬಿಡುತ್ತಾರೆ. ಗುಮಾಸ್ತರು ಬಿಡಲಿಲ್ಲ, ಪ್ರತಿ ಕ್ಲಾಸಿನಲ್ಲೂ ಬೆರಳಿಗೆ ಊದಿಕೊಂಡು ಕೂರುತ್ತಿದ್ದರು.

"ಏನ್ ಮೇಡಂ, ನಿಮಗೆ ಉರಿಯಲ್ವಾ?"

"ಈ ಮೂರು ಉರಿಯುತ್ತೆ. ಕಿರುಬೆರಳು ಏನೂ ಇಲ್ಲಪ್ಪ, ಆರಾಮಾಗಿದೆ."

"ಟೈಪ್ ಹೊಡೆದೂ ಹೊಡೆದೂ ಕಬ್ಬಿಣ ಆಗಿದೆ ಅದು. ರೈಲ್ವೆಗೆ ಕೊಡಿ, ಹಳಿ ಮಾಡಿಸ್ತೀವಿ."

ಎಲ್ಲರೂ ನಕ್ಕೆವು. ಕಿರುಬೆರಳೇ ಎಲ್ಲರಿಗೂ ದುರ್ಬಲ, ಅದನ್ನು ಇವರಂತೆ ಪಳಗಿಸಿಕೊಳ್ಳಿ ಎಂದು ನಾನು ಉಳಿದವರಿಗೆ ಹೇಳಿದೆ. ಆ ಮಾತನ್ನು ಹಲವು ಸಲ ಹೇಳಿದೆ.

ದೀಪಾವಳಿಯ ಹೊತ್ತಿಗೆ ಕಾರ್ಡುಗಳಿಗೆ ಬಂದಿದ್ದೆವು. ಕಾರ್ಡ್ ಅಂದರೆ ಹಲವು ತಂತಿಗಳನ್ನು ಬೇರೆ ಬೇರೆ ಮನೆಗಳಲ್ಲಿ ಒತ್ತಿ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಜಿ ಕಾರ್ಡನ್ನು ಎರಡು ಬಗೆಯಲ್ಲಿ ಹಿಡಿಯಬಹುದು. ಸುಲಭದ ಬಗೆಯಲ್ಲಿ ಒಂದು, ಎರಡು, ಮೂರನೇ ಬೆರಳುಗಳೇ ಸಾಕು, ನಾಲ್ಕಕ್ಕೆ ಕೆಲಸವಿಲ್ಲ. ಇನ್ನೊಂದರಲ್ಲಿ ಎರಡು ಮತ್ತು ಮೂರು ದಪ್ಪ ತಂತಿಗಳ ಮೇಲೆ ಕೂರುತ್ತವೆ, ನಾಲ್ಕನೇ ಬೆರಳು ಆಚೆ ಕೊನೆಗೆ ಚಾಚಿ, ಎಲ್ಲಕ್ಕಿಂತ ತೆಳುವಾದ ಮೊದಲನೇ ತಂತಿಯನ್ನು ಮೂರನೇ ಮನೆಯಲ್ಲಿ ಒತ್ತುತ್ತದೆ. ಇದು ಕಷ್ಟ. ಆದರೆ ಇದರಿಂದ ಸಿ ಕಾರ್ಡಿಗೆ ಹೋಗುವಾಗ ಎರಡು, ಮೂರು ಜೊತೆಯಾಗಿಯೇ ಪಕ್ಕದ ತಂತಿಗೆ ಜಾರುತ್ತವೆ, ತಡವಾಗುವುದಿಲ್ಲ. ನಾನು ಎರಡನೇ ಬಗೆಯ ಪಕ್ಷದವನು. ಮೇಡಂ ಹಬ್ಬದ ರಜೆ ಮುಗಿಯುವುದರೊಳಗೆ ಅದನ್ನು ಸಾಧಿಸಿದರು. ಜಿ, ಸಿ, ಡಿ, ಮತ್ತೆ ಜಿ. ಆರೂ ತಂತಿಗಳು ಬಿಡಿಬಿಡಿಯಾಗಿ ಕೇಳುತ್ತಿದ್ದವು.

ಸಂಕ್ರಾಂತಿ ಕಳೆದ ಮೇಲೆ ಅದು ಕೆಟ್ಟಿತು.

ಮೊದಲು ಕೇಳಿದ್ದು ಒಂದು ಸಣ್ಣ ಗುಯ್. ಜಿ ಕಾರ್ಡಿನಲ್ಲಿ ಮೊದಲನೇ ತಂತಿ ಸರಿಯಾಗಿ ನುಡಿಯುತ್ತಿರಲಿಲ್ಲ. ಆಮೇಲೆ ಆ ತಂತಿ ಸಂಪೂರ್ಣ ಮೂಕವಾಯಿತು. ನೋಡಿದರೆ ನಾಲ್ಕನೇ ಬೆರಳು ಗೆರೆಗೆ ತಾಗುವ ಬದಲು ಅದರ ಮೇಲೆಯೇ ಕೂತಿರುತ್ತಿತ್ತು. ಕೆಲವೊಮ್ಮೆ ಪಕ್ಕದ ತಂತಿಯ ಮೇಲೆ. ಸುಮ್ಮನಿರುವಾಗಲೂ ಅದು ಉಳಿದ ಮೂರರಿಂದ ದೂರ ನಿಲ್ಲತೊಡಗಿತು.

"ಹತ್ತಿರ ತನ್ನಿ ಮೇಡಂ."

"ತಂದಿದೀನಲ್ಲ ಸರ್."

ತಂದಿರಲಿಲ್ಲ. ನಾನು ತೋರಿಸಿದ ಮೇಲೆ ನೋಡಿ, ಬಲಗೈಯಿಂದ ಅದನ್ನು ಎತ್ತಿ ಜಾಗಕ್ಕೆ ಇಟ್ಟರು.

ಕೆಟ್ಟದ್ದನ್ನು ಸರಿಮಾಡುವ ವಿಧಾನ ನನಗೆ ಗೊತ್ತಿತ್ತು. ಒಂದಾದ ಮೇಲೊಂದು ಎಲ್ಲವನ್ನೂ ಮಾಡಿದೆ. ಗಿಟಾರಿನ ತಲೆಯನ್ನು ಎತ್ತರಿಸಿ ಮಣಿಕಟ್ಟನ್ನು ನೇರ ಮಾಡಿಸಿದೆ. ಹೆಬ್ಬೆರಳನ್ನು ಕುತ್ತಿಗೆಯ ಹಿಂದೆ ಕೆಳಕ್ಕಿಳಿಸಿ ಬೆರಳುಗಳಿಗೆ ಚಾಚಲು ಜಾಗ ಕೊಡಿಸಿದೆ. ಮನೆಗಳು ಚಿಕ್ಕದಾಗುವ ಐದನೇ ಪೊಸಿಷನ್ನಿಗೆ ಕೈ ಸರಿಸಿ ಅಭ್ಯಾಸ ಮಾಡಿಸಿದೆ. ತಂತಿ ಬದಲಿಸಿ ತೆಳುವಾದದ್ದು ಹಾಕಿದೆ. ಒಂದೆರಡು ದಿನ ಸುಧಾರಿಸಿದಂತೆ ಕಂಡು ಮತ್ತೆ ಅಲ್ಲಿಗೇ ಬರುತ್ತಿತ್ತು. ಅಭ್ಯಾಸ ಸಾಲದು ಅಂದೆ. ಅವರು ಹೆಚ್ಚು ಅಭ್ಯಾಸ ಮಾಡಿದರು. ಬೆರಳಿನಿಂದಾಗದ್ದನ್ನು ತೋಳಿನ ಬಲದಿಂದ ಮಾಡುತ್ತಿದ್ದರು. ಕಾರ್ಡ್ ಹಿಡಿದಾಗ ಭುಜ ಮೇಲೇಳುತ್ತಿತ್ತು.

ಆ ದಿನಗಳಲ್ಲೇ ಒಮ್ಮೆ ಅವರ ಎಡಗೈಯ ಕಿರುಬೆರಳ ಬದಿಯಲ್ಲಿ ಸುಟ್ಟ ಗಾಯ ನೋಡಿದೆ. ಕಾಫಿ ಲೋಟ, ಅಂದರು. ಯಾವಾಗ ತಾಗಿತೋ ನೋಡಲಿಲ್ಲ, ಅಂದರು. ಪತ್ರಿಕೆಯವನಾಗಿ ನಾನು ಆ ಮಾತನ್ನು ಇನ್ನೊಮ್ಮೆ ಕೇಳಬೇಕಿತ್ತು. ಸುಟ್ಟಿದ್ದು ಗೊತ್ತಾಗಲು ನೋಡಬೇಕಾಗಿಲ್ಲ.

ಯುಗಾದಿ ಆದಮೇಲೆ ಹಳೇಬೀಡಿನಿಂದ ಕರೆ ಬಂತು. ಅಲ್ಲಿಯ ಒಬ್ಬ ಮೇಷ್ಟರು ನಿವೃತ್ತರಾಗುತ್ತಿದ್ದರು. ಪಾರ್ಸೆಲ್ ಗುಮಾಸ್ತರಿಗೆ ಅವರೇ ಗಣಿತ ಹೇಳಿಕೊಟ್ಟವರು. ಬೀಳ್ಕೊಡುಗೆಯಲ್ಲಿ ಎರಡು ಹಾಡು ಹಾಡಬೇಕು, ಗಿಟಾರ್ ಜೊತೆಗಿರಬೇಕು ಎಂದು ಗುಮಾಸ್ತರು ಹಟ ಹಿಡಿದರು. ಅವರು ಹಾಡುವುದು, ನಾನೂ ಮೇಡಂ ಗಿಟಾರ್ ನುಡಿಸುವುದು ಎಂದಾಯಿತು. ಮೇಡಂಗೆ ಅದು ಮೊದಲ ವೇದಿಕೆ. ಹಿಂದಿನ ದಿನ ಮಧ್ಯಾಹ್ನದಿಂದ ಸಂಜೆಯವರೆಗೆ ಅಭ್ಯಾಸ ಮಾಡಿದೆವು. ಸುಲಭದ ಜಿ ಹಿಡಿಯಿರಿ ಎಂದೆ. ಅವರು ಒಪ್ಪಲಿಲ್ಲ.

"ಕಲ್ತಿದ್ದು ಬಿಟ್ಟು ಹಿಂದಕ್ಕೆ ಹೋಗಲ್ಲ ಸರ್ ನಾನು."

ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದೆವು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಮೊದಲ ಹಾಡು ಚೆನ್ನಾಗಿ ಹೋಯಿತು. ಎರಡನೆಯದರ ನಡುವೆ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಬಾಯಿಗೆ ಸೆರಗು ಹಿಡಿದದ್ದು ಕಂಡಿತು. ಅವರ ಪಕ್ಕದವರೂ ನಮ್ಮ ಕಡೆ ಬೆರಳು ತೋರಿಸಿದರು. ನಾನು ತಿರುಗಿ ನೋಡಿದೆ.

ಮೇಡಂ ಅವರ ಗಿಟಾರಿನ ಕುತ್ತಿಗೆಯ ಅಂಚಿನಲ್ಲಿ ರಕ್ತ ಇಳಿಯುತ್ತಿತ್ತು. ತಂತಿಯ ಗುಂಟ ಹರಿದು, ಕೆಳಗೆ ಹನಿದು, ತಿಳಿ ಹಳದಿ ಸೀರೆಯ ಮಡಿಲಲ್ಲಿ ಅಂಗೈಯಗಲ ಕೆಂಪಾಗಿತ್ತು. ನಾಲ್ಕನೇ ಬೆರಳಿನ ತುದಿ ಬಿರಿದು ತೆರೆದುಕೊಂಡಿತ್ತು. ಆ ತೆರೆದ ಗಾಯವನ್ನೇ ಅವರು ಮತ್ತೆ ಮತ್ತೆ ಉಕ್ಕಿನ ತಂತಿಗೆ ಒತ್ತುತ್ತಿದ್ದರು. ಮುಖದಲ್ಲಿ ನಗು ಇತ್ತು. ಸಹಿಸಿಕೊಂಡ ನಗು ಅಲ್ಲ. ಸಭೆಯ ಕಡೆ ನೋಡುತ್ತ, ತಾಳಕ್ಕೆ ತಲೆಯಾಡಿಸುತ್ತ, ಮೊದಲ ಸಲ ವೇದಿಕೆ ಏರಿದವರ ನಗು.

ಅಪಘಾತಗಳನ್ನು ನಾನು ಬಹಳ ನೋಡಿದ್ದೆ. ಪಕ್ಕದಲ್ಲೇ ನಿಂತು ವಿವರ ಬರೆದುಕೊಂಡಿದ್ದೆ. ಅವತ್ತು ನನ್ನ ಕೈ ತಂತಿಯ ಮೇಲೆ ನಿಂತೇ ಹೋಯಿತು. ನನ್ನ ಗಿಟಾರ್ ನಿಂತದ್ದು ಕೇಳಿ ಮೇಡಂ ನನ್ನತ್ತ ನೋಡಿದರು, ನಾನು ನೋಡುತ್ತಿದ್ದ ಕಡೆ ನೋಡಿದರು, ತಮ್ಮ ಮಡಿಲು ನೋಡಿಕೊಂಡರು.

"ಯಾರದು ಇದು ರಕ್ತ?" ಎಂದು ಕೇಳಿದರು.

ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ತೊಳೆಸಿದೆವು. ಹಿಂದಿನ ದಿನದ ಅಭ್ಯಾಸದಲ್ಲಿ ಬೊಬ್ಬೆ ಎದ್ದು, ಅದು ಒಡೆದು, ಕೆಳಗಿನ ಮಾಂಸವೂ ಹರಿದಿತ್ತು. ಶಾಲೆಯವರು ಟಿಂಚರ್ ತಂದರು. ಗುಮಾಸ್ತರು ತಮಗೇ ಹಚ್ಚುತ್ತಿರುವಂತೆ ಹಲ್ಲು ಕಚ್ಚಿಕೊಂಡು ಮುಖ ತಿರುಗಿಸಿದರು. ಮೇಡಂ ಕೈ ಚಾಚಿಕೊಂಡು ಸೀರೆಯ ಕಲೆಯ ಚಿಂತೆಯಲ್ಲಿದ್ದರು.

"ಇದು ಹೋಗಲ್ಲ ಅನ್ಸುತ್ತೆ. ಅತ್ತಿಗೆ ಬೈತಾರೆ."

ಟಿಂಚರ್ ಬಿದ್ದಾಗಲೂ ಅವರು ಕೈ ಎಳೆದುಕೊಳ್ಳಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ನನಗೆ ಬೇಲೂರಿನ ಒಂದು ಹಳೆಯ ಆರೋಗ್ಯ ಶಿಬಿರ ನೆನಪಾಯಿತು. ಮೂಲೆಯ ಪುಟ್ಟ ಸುದ್ದಿಗಾಗಿ ಹೋಗಿದ್ದೆ. ಅಲ್ಲಿ ಆರೋಗ್ಯ ಕಾರ್ಯಕರ್ತರೊಬ್ಬರು ಜನರನ್ನು ಬೆಂಚಿನ ಮೇಲೆ ಕೂರಿಸಿ ಕಣ್ಣು ಮುಚ್ಚಿಸಿ, ಬಾಲ್ ಪೆನ್ನಿನಿಂದ ಚರ್ಮ ಮುಟ್ಟಿ, ಮುಟ್ಟಿದ ಜಾಗವನ್ನು ತೋರಿಸಲು ಹೇಳುತ್ತಿದ್ದರು. ತೋರಿಸದವರನ್ನು ಬೇರೆ ಸಾಲಿಗೆ ಕಳಿಸುತ್ತಿದ್ದರು. ಅದು ಕುಷ್ಠರೋಗ ಪತ್ತೆಯ ಶಿಬಿರ.

ಈ ಹೆಸರನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಖಚಿತವಾಗದ್ದನ್ನು ಅಚ್ಚಿಗೆ ಕಳಿಸಬಾರದು ಎಂದು ಕಲಿತವನು ನಾನು. ಅನುಮಾನ ಸುಳ್ಳಾದರೂ ಮಾತು ಊರಲ್ಲಿ ಉಳಿಯುತ್ತದೆ. ಅವರು ಮುಟ್ಟಿದ ಟೈಪ್‌ರೈಟರಿನ ಕೀಲಿಯನ್ನು ಮುಟ್ಟಲು ಮಕ್ಕಳನ್ನು ಯಾರು ಕಳಿಸುತ್ತಾರೆ? ಆದರೆ ಅನುಮಾನ ನಿಜವಾಗಿದ್ದರೆ, ನಾನು ಸುಮ್ಮನಿದ್ದಷ್ಟು ದಿನ ಆ ಕೈ ಹಾಳಾಗುತ್ತಿರುತ್ತದೆ. ಅವರ ಅನ್ನವೇ ಆ ಕೈಯಲ್ಲಿತ್ತು. ಅರಸೀಕೆರೆ ಬರುವ ಹೊತ್ತಿಗೆ ನಿರ್ಧರಿಸಿದ್ದೆ. ಹೆಸರು ಹೇಳುವುದಿಲ್ಲ. ಬಿಟ್ಟುಹೋಗಿದ್ದ ಮೊದಲ ದಿನದ ಪಾಠವನ್ನು ಮಾಡುತ್ತೇನೆ.

ಮರುದಿನ ಇನ್‌ಸ್ಟಿಟ್ಯೂಟಿಗೆ ಹೋದೆ. ಗುಮಾಸ್ತರನ್ನೂ ಬರಹೇಳಿದ್ದೆ. ಮೇಡಂ ಬೆರಳಿಗೆ ಕಟ್ಟಿದ್ದ ಬಟ್ಟೆಯಿಂದ ಕೆಳಗೆ, ನಾಲ್ಕನೇ ಬೆರಳಿನ ಬದಿಯ ಭಾಗ ಖಾಲಿ ಇತ್ತು, ಗಾಯವಿಲ್ಲದ ಚರ್ಮ. ಅಷ್ಟು ಸಾಕು. ಅನುಮಾನ ಬರದಿರಲೆಂದು ಗುಮಾಸ್ತರಿಂದ ಶುರು ಮಾಡಿದೆ.

"ಕಣ್ಣು ಮುಚ್ಚಿ. ಸಂಖ್ಯೆ ಹೇಳಿ."

"ಎರಡು. ನಾಲ್ಕು. ಒಂದು. ನಾಲ್ಕು. ಸಾರ್, ಈ ಪಾಠ ನಾನು ಪಾಸಾಗಿದೀನಿ, ಮತ್ತೆ ಯಾಕೆ ಒಂದನೇ ಕ್ಲಾಸಿಗೆ ಹಾಕಿದ್ರಿ?"

"ನಿಮ್ಮ ಫಿಂಗರಿಂಗ್ ನೋಡಿದ ಯಾರೂ ಪಾಸು ಅನ್ನಲ್ಲ," ಎಂದು ಮೇಡಂ ನಕ್ಕರು. ಆಮೇಲೆ ತಾವೇ ಕೈ ಚಾಚಿ ಕಣ್ಣು ಮುಚ್ಚಿದರು.

ಎರಡನ್ನು ಮುಟ್ಟಿದೆ. "ಎರಡು." ಒಂದು. "ಒಂದು." ಮೂರರ ನಡುಬೆರಳ ಕಡೆಯ ಬದಿ. "ಮೂರು." ಪೆನ್ಸಿಲನ್ನು ನಾಲ್ಕನೆಯದರ ಮೇಲಿಟ್ಟೆ.

ಅವರು ಕಾದರು. ಮುಖ ಶಾಂತವಾಗಿತ್ತು. ಕೆಳಗೆ ಮಂಡಿಯಲ್ಲಿ ಯಾರೋ ಚೀಲ ಎಳೆಯುವ ಸದ್ದು ಕೇಳುತ್ತಿತ್ತು. ನಾನು ಪೆನ್ಸಿಲನ್ನು ಒತ್ತಿದೆ. ಚರ್ಮ ಗುಳಿಬಿದ್ದು ಬೆಳ್ಳಗಾಯಿತು.

"ಮುಟ್ಟಿ ಸರ್," ಎಂದರು ಮೇಡಂ. "ಯಾಕೆ ನಿಲ್ಲಿಸಿದ್ರಿ?"

ಗುಮಾಸ್ತರು ನನ್ನ ಕಡೆ ನೋಡಿದರು. ಅವರ ಬಾಯಿ ಅರ್ಧ ತೆರೆದಿತ್ತು.   ಬಸ್ಸಿನಲ್ಲಿ ಎಲ್ಲ ಯೋಚಿಸಿಕೊಂಡು ಬಂದಿದ್ದೆ, ಆದರೂ ಒತ್ತಿಹಿಡಿದಿರುವಾಗಲೇ ಒಬ್ಬರು ಮುಟ್ಟಿ ಎಂದು ಹೇಳಬಹುದು ಎಂಬುದಕ್ಕೆ ನಾನು ಸಿದ್ಧನಾಗಿರಲಿಲ್ಲ. ಸದ್ದಿಲ್ಲದ್ದು ತಿಳಿದು ಮೇಡಂ ಕಣ್ಣು ತೆರೆದರು. ತಮ್ಮ ಬೆರಳಿನ ಮೇಲಿದ್ದ ಪೆನ್ಸಿಲನ್ನು ನೋಡಿದರು.  ಆಮೇಲೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುಗಿಸಿ, ಚೂಪಾದ ಮೊನೆಯಿಂದ ತಾವೇ ಚುಚ್ಚಿಕೊಂಡರು. ಮತ್ತೆ ಚುಚ್ಚಿಕೊಂಡರು. ಮೂರನೇ ಸಲ ಗುಮಾಸ್ತರು ಪೆನ್ಸಿಲ್ ಕಿತ್ತುಕೊಂಡರು.

"ಮೇಡಂ, ಬೇಡ."

"ನಿಮಗೆ ಇದು ಏನು ಅಂತ ಗೊತ್ತು," ಎಂದರು ನನ್ನ ಕಡೆ ತಿರುಗಿ.

"ಅನುಮಾನ ಇದೆ. ಅನುಮಾನ ಹೇಳಲ್ಲ ನಾನು. ಈಗಲೇ ಆಸ್ಪತ್ರೆಗೆ ಹೋಗೋಣ."

"ಅಷ್ಟು ಕೆಟ್ಟದ್ದಾ?"

"ತಡ ಮಾಡಿದ್ರೆ ಕೆಟ್ಟದ್ದು."

ಅವರು ಎದ್ದು ತಮ್ಮ ಟೈಪ್‌ರೈಟರಿನ ಮುಸುಕು ಸರಿಪಡಿಸಿದರು. ಅದು ಸರಿಯಾಗಿಯೇ ಇತ್ತು. "ಈ ಮೆಷಿನ್ನಿನಲ್ಲಿ ಕಿರುಬೆರಳ ಕೀ ಬಿಗಿಯಾಗಿದೆ ಅಂದ್ಕೊಂಡಿದ್ದೆ," ಎಂದರು. "ಎಣ್ಣೆ ಬಿಟ್ಟೆ. ಬಿಟ್ಟೂ ಬಿಟ್ಟೂ ಕೊನೆಗೆ ಉಂಗುರಬೆರಳಲ್ಲೇ ಹೊಡೀತಾ ಇದ್ದೆ." ಅವರು ಮೆಷಿನ್ನಿಗೆ ಎಣ್ಣೆ ಬಿಟ್ಟಿದ್ದರು. ನಾನು ತಂತಿ ಬದಲಿಸಿದ್ದೆ.

ಸರ್ಕಾರಿ ಆಸ್ಪತ್ರೆಯಲ್ಲಿದ್ದವರು ಚುರುಕು ಮಾತಿನ ಲೇಡಿ ಡಾಕ್ಟರ್. ಮೊದಲು ಗಾಯ ನೋಡಿದರು, ಆಮೇಲೆ ಗಾಯ ಬಿಟ್ಟು ಮೊಣಕೈ ಹಿಡಿದರು. ಮೊಣಕೈಯ ಒಳಬದಿಯಲ್ಲಿ, ಎಲ್ಲಿಗಾದರೂ ಬಡಿದರೆ ಝುಂ ಎನ್ನುತ್ತದಲ್ಲ, ಅಲ್ಲಿ ಬೆರಳಾಡಿಸಿದರು.

"ಇಲ್ಲಿ ದಾರದ ಹಾಗೆ ಇರಬೇಕಾದ ನರ ಹಗ್ಗದ ಹಾಗಿದೆ. ತೋಳಿನ ಮೇಲೆ ಈ ಬಿಳಿ ಮಚ್ಚೆ ಯಾವಾಗಿಂದ?"

"ಅದು ಚಿಬ್ಬು ಡಾಕ್ಟ್ರೇ."

ಡಾಕ್ಟರು ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಮಚ್ಚೆ ಮುಟ್ಟಿದರು. ಮೇಡಂ ಕಣ್ಣು ಮುಚ್ಚಿಕೊಂಡೇ ಇದ್ದರು. ಅಲ್ಲೂ ಉತ್ತರ ಬರಲಿಲ್ಲ.

"ಕುಷ್ಠ," ಎಂದರು ಡಾಕ್ಟರು. "ಹೆಸರಿಗೆ ಹೆದರಬೇಡಿ. ಮಾತ್ರೆಗೆ ಗ್ಯಾರಂಟಿ ವಾಸಿಯಾಗುತ್ತೆ, ಮಾತ್ರೆ ಇಲ್ಲೇ ಪುಕ್ಕಟೆ ಸಿಗುತ್ತೆ. ಶುರು ಮಾಡಿದ ಮೇಲೆ ನಿಮ್ಮಿಂದ ಯಾರಿಗೂ ಹರಡಲ್ಲ, ಮೆಷಿನ್ ಮುಟ್ಟಿದರಂತೂ ಹರಡೋದೇ ಇಲ್ಲ. ನನ್ನ ಚಿಂತೆ ಕಾಯಿಲೆದಲ್ಲ, ಈ ನರದ್ದು. ಬೆರಳಿನ ಶಕ್ತಿ ಯಾವಾಗಿಂದ ಹೋಗಿದೆ? ಸರಿಯಾಗಿ ಹೇಳಬೇಕು. ಆರು ತಿಂಗಳೊಳಗಾದರೆ ಊತ ಇಳಿಸೋ ಮಾತ್ರೆಯನ್ನೂ ಕೊಟ್ಟರೆ ಶಕ್ತಿ ವಾಪಸ್ ಬರೋ ಸಾಧ್ಯತೆ ಇದೆ. ಹಳೇದಾದರೆ ಕಷ್ಟ."

"ಗೊತ್ತಿಲ್ಲ," ಎಂದರು ಮೇಡಂ.  "ನೋವಿದ್ರೆ ತಾನೇ ಗೊತ್ತಾಗೋದು."

"ದೀಪಾವಳಿಯಲ್ಲಿ ಇತ್ತು," ಎಂದೆ ನಾನು. ಡಾಕ್ಟರು ನನ್ನ ಕಡೆ ತಿರುಗಿದರು. "ಆಗ ಜಿ ಕಾರ್ಡ್ ಹಿಡೀತಿದ್ರು. ನಾಲ್ಕನೇ ಬೆರಳು ಪೂರ್ತಿ ಚಾಚಿ, ತುದಿಯಲ್ಲಿ ನಿಂತು, ತೆಳು ತಂತಿ ಒತ್ತಬೇಕು. ಶಕ್ತಿ ಇಲ್ಲದೆ ಅದು ನುಡಿಯಲ್ಲ. ಸ್ಪಷ್ಟ ನುಡೀತಿತ್ತು, ನಾನೇ ಕೇಳಿದೀನಿ. ಸಂಕ್ರಾಂತಿ ಆದಮೇಲೆ ಗುಯ್‌ಗುಟ್ಟೋಕೆ ಶುರುವಾಯ್ತು. ಬೆರಳು ದೂರ ನಿಲ್ಲೋಕೆ ಶುರುವಾಗಿದ್ದು ಶಿವರಾತ್ರಿ ಹೊತ್ತಿಗೆ."

"ಹೌದು," ಎಂದರು ಮೇಡಂ, ಮುಖ ಎತ್ತಿ. "ಹಬ್ಬದಲ್ಲಿ ನುಡೀತಿತ್ತು. ಅಣ್ಣನ ಮುಂದೆ ನುಡಿಸಿ ತೋರಿಸಿದ್ದೆ."

ಡಾಕ್ಟರು ಇಬ್ಬರನ್ನೂ ನೋಡಿದರು. "ಬೇರೆ ರೋಗಿಗಳು ಹೋದ ವರ್ಷವೋ ಅದರ ಹಿಂದಿನದೋ ಅಂತಾರೆ. ನೀವು ಹಬ್ಬ ಹಿಡಿದು ಹೇಳ್ತಾ ಇದೀರಿ. ಸರಿ, ಇವತ್ತೇ ಶುರು ಮಾಡೋಣ."

ತಿಂಗಳಿಗೊಮ್ಮೆ ತಮ್ಮೆದುರೇ ನುಂಗಬೇಕಾದ ಮಾತ್ರೆಗಳನ್ನು ನುಂಗಿಸಿದರು. ಉಳಿದ ದಿನಗಳ ಮಾತ್ರೆಯನ್ನು ಮನೆಗೆ ಕೊಟ್ಟರು. ಊತಕ್ಕೆ ಬೇರೆ ಮಾತ್ರೆ, ಬೆರಳು ಬಾಗಿಯೇ ಉಳಿಯದಂತೆ ಕಟ್ಟಿಕೊಳ್ಳಲು ಪಟ್ಟಿ. ಮನೆಯವರೆಲ್ಲರನ್ನೂ ತಪಾಸಣೆಗೆ ಕಳಿಸಬೇಕೆಂದರು.

ಅಣ್ಣ ಬಂದದ್ದು ಎರಡು ದಿನದ ಮೇಲೆ, ನೇರ ಇನ್‌ಸ್ಟಿಟ್ಯೂಟಿಗೆ, ನನ್ನನ್ನು ಹುಡುಕಿಕೊಂಡು. ತೆಂಗಿನ ತೋಟ, ನಾಲ್ಕು ಹಸು ಇಟ್ಟುಕೊಂಡಿದ್ದವರು. ಕೂರಿ ಎಂದರೆ ಕೂರಲಿಲ್ಲ.

"ನಮ್ಮನೇಲಿ ಯಾರ್ಗೂ ಅಂಥ ಕಾಯ್ಲೆ ಇಲ್ಲ ಕಣ್ರೀ. ನಿಮ್ಮ ಡಬ್ಬದ ತಂತಿ ಒತ್ತೀ ಒತ್ತೀ ನರ ಹೋಗೈತೆ. ಅದ್ನ ಇನ್ನೊಂದು ಅಂತ ಹೆಸರಿಟ್ಟು ನನ್ನ ತಂಗಿ ಬಾಳಿಗೆ ಮಣ್ಣು ಹಾಕ್ಬೇಡಿ. ನಾಟಿ ಔಷ್ದಿ ಕೊಡೋರು ಅವ್ರೆ, ಕರ್ಕೊಂಡು ಹೋಯ್ತೀನಿ."

ಮೇಡಂ ಒಳಗಿನಿಂದ ಬಂದರು. ಬ್ಯಾಚಿನ ಹುಡುಗಿಯರು ಟೈಪು ಮಾಡುತ್ತಲೇ ಇದ್ದರು, ಆದರೆ ಸದ್ದು ತೆಳುವಾಗಿತ್ತು.

"ಅಣ್ಣ, ಕೈ ಚಾಚು. ಕಣ್ಣು ಮುಚ್ಚು."

"ಏನೇ ಇದು?"

"ಮುಚ್ಚು ಅಂದೆ. ಮುಟ್ಟಿದ ಬೆರಳು ಯಾವ್ದು ತೋರಿಸು."

ಅವರು ಮುಚ್ಚಿದರು. ತಂಗಿ ಪೆನ್ನಿನಿಂದ ಅವರ ಬೆರಳುಗಳನ್ನು ಮುಟ್ಟುತ್ತ ಹೋದರು. ಹಾಲು ಕರೆದು ಗಟ್ಟಿಯಾದ ಬೆರಳುಗಳು, ಆದರೂ ಪ್ರತಿ ಸಲವೂ ಅವರು ಸರಿಯಾಗಿ ತೋರಿಸಿದರು. ಆಮೇಲೆ ಮೇಡಂ ಪೆನ್ನನ್ನು ಅಣ್ಣನ ಕೈಗೆ ಕೊಟ್ಟು, ತಾವು ಕಣ್ಣು ಮುಚ್ಚಿ ಕೈ ಚಾಚಿದರು. ಅಣ್ಣ ಕಿರುಬೆರಳಿನ ಬದಿ ಮುಟ್ಟಿದರು. ಮುಟ್ಟಿ ಕಾದರು. ಇನ್ನೊಮ್ಮೆ ಮುಟ್ಟಿದರು. ತಂಗಿಯ ಮುಖ ನೋಡಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತುಬಿಟ್ಟರು.

"ಎಲ್ಲೈತೆ ಆಸ್ಪತ್ರೆ," ಎಂದರು. "ನಮ್ಮನೆಯೋರ್ನೂ ಕರ್ಕೊಂಡು ಬತ್ತೀನಿ."

ಮನೆಯವರಲ್ಲಿ ಯಾರಿಗೂ ಇರಲಿಲ್ಲ. ಇನ್‌ಸ್ಟಿಟ್ಯೂಟಿನಲ್ಲಿ ಏನು ಹೇಳುವುದು ಎಂಬುದನ್ನು ಮೇಡಂ ತಾವೇ ತೀರ್ಮಾನಿಸಿದರು. ಕೇಳಿದವರಿಗೆ ನರದ ತೊಂದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ತಗೊಳ್ತಿದೀನಿ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೆಲವರು ಬಿಟ್ಟುಹೋದರು. ಯಾಕೆ ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಉಳಿದವರ ಬ್ಯಾಚು ನಡೆಯಿತು. ಬೋರ್ಡಿನ ಮೇಲೆ ಹತ್ತು ಬೆರಳಿನ ಚಿತ್ರ ಬರೆದು ಪಾಠ ಮಾಡಿ, ಮೆಷಿನ್ನಿನಲ್ಲಿ ಒಂಬತ್ತು ಬೆರಳಲ್ಲಿ ಹೊಡೆದು ತೋರಿಸುತ್ತಿದ್ದರು.

ಗಿಟಾರ್ ಬಿಡಿಸಬೇಕೇ ಎಂದು ನಾನು ಡಾಕ್ಟರನ್ನು ಕೇಳಿದ್ದೆ. ಗಾಯ ಮಾಯಲಿ, ಆಮೇಲೆ ನುಡಿಸಲಿ, ಆದರೆ ಆ ಬೆರಳು ತಂತಿ ಮುಟ್ಟಕೂಡದು, ಅದಕ್ಕೆ ಏನು ತಾಗಿತೆಂದು ಕಣ್ಣಿಂದ ನೋಡಿಕೊಳ್ಳುತ್ತಿರಬೇಕು ಎಂದಿದ್ದರು. ಹಾಗಾಗಿ ಮೇಡಂ ಸುಲಭದ ಜಿ ಕಲಿತರು. ಒಂದು, ಎರಡು, ಮೂರು. ಕಲಿತದ್ದು ಬಿಟ್ಟು ಹಿಂದಕ್ಕೆ ಹೋಗುವುದಿಲ್ಲ ಎಂದಿದ್ದವರು ಹಿಂದಕ್ಕೆ ಹೋಗಿ ಮೊದಲಿಂದ ಬಂದರು. ಪ್ರತಿ ಹಾಡು ಮುಗಿದ ಮೇಲೆ ಕೈ ತಿರುಗಿಸಿ ಬೆರಳನ್ನು ನೋಡಿಕೊಳ್ಳುತ್ತಿದ್ದರು, ಬಸ್ಸಿನಿಂದ ಇಳಿದ ಮೇಲೆ ಮಕ್ಕಳೆಲ್ಲ ಇಳಿದರಾ ಎಂದು ನೋಡುವ ಹಾಗೆ. ಉಳಿದವರ ಬೆರಳು ಉರಿಯುತ್ತದೆ ಎಂಬ ದೂರು ಬಂದಾಗ ನಾನು ಮೊದಲಿನಂತೆ ಅದು ಹೋಗುತ್ತೆ ಬಿಡಿ ಎನ್ನುತ್ತಿರಲಿಲ್ಲ. ಎಲ್ಲೆಲ್ಲಿ, ಯಾವ ಬೆರಳು ಎಂದು ಕೇಳುತ್ತಿದ್ದೆ. ಗುಮಾಸ್ತರು ಮಾತ್ರ ಅವತ್ತಿನಿಂದ ನೋವಿನ ಮಾತೇ ಆಡಲಿಲ್ಲ.

ಮಳೆಗಾಲ ಹಿಂದಾಯಿತು. ದಸರಾ ರಜೆ ಬಂತು. ಬೆರಳಿನ ಶಕ್ತಿ ಸ್ವಲ್ಪ ಮರಳಿತ್ತು. ಹತ್ತಿರ ತನ್ನಿ ಎಂದರೆ ನಡುಗುತ್ತ ಹತ್ತಿರ ಬರುತ್ತಿತ್ತು. ಸ್ಪರ್ಶ ಮರಳುವ ಬಗ್ಗೆ ಡಾಕ್ಟರು ಮಾತು ಕೊಟ್ಟಿರಲಿಲ್ಲ. ಶಕ್ತಿ ಬಂದಷ್ಟು ಅದು ಬರಲಿಕ್ಕಿಲ್ಲ ಎಂದಿದ್ದರು. ಒಂದು ಭಾನುವಾರ ಕ್ಲಾಸು ಮುಗಿದ ಮೇಲೆ ಮೇಡಂ ಗ್ಲಾಸಿನಲ್ಲಿದ್ದ ಪೆನ್ಸಿಲ್ ತೆಗೆದು ನನ್ನ ಮುಂದಿಟ್ಟರು.

"ಮೊದಲನೇ ಪಾಠ ಸರ್."

ಗುಮಾಸ್ತರು ಗಿಟಾರ್ ಚೀಲಕ್ಕೆ ಹಾಕುತ್ತಿದ್ದವರು ಹಾಗೇ ನಿಂತರು. ಮೇಡಂ ಕಣ್ಣು ಮುಚ್ಚಿ ಕೈ ಚಾಚಿದರು. ಒಂದು. ಎರಡು. ಒಂದು. ಎಲ್ಲಕ್ಕೂ ಉತ್ತರ ಬಂತು. ನಾಲ್ಕನೇ ಬೆರಳಿನ ಮೇಲೆ ಪೆನ್ಸಿಲ್ ಇಟ್ಟೆ. ಬಲವಾಗಿ ಒತ್ತಲು ಧೈರ್ಯ ಬರಲಿಲ್ಲ, ಅಲ್ಲೇ ಹಿಡಿದೆ. ಅವರ ಹುಬ್ಬು ಸ್ವಲ್ಪ ಗಂಟಾಯಿತು. ತುಂಬ ದೂರದಲ್ಲಿ ಯಾರೋ ಕರೆದದ್ದು ತಮ್ಮನ್ನೇನೋ ಎಂದು ಕಿವಿಗೊಡುವವರ ಮುಖ.

"ಮೂರು," ಎಂದರು. ಆಮೇಲೆ, ಅಷ್ಟು ಖಾತ್ರಿಯಿಲ್ಲದೆ, "ಮೂರು, ಅಲ್ವಾ ಸರ್?"

ತಪ್ಪು ಉತ್ತರ. ಆದರೆ ಆ ಬೆರಳಿಂದ ಮೊದಲ ಸಲ ಉತ್ತರ ಬಂದಿತ್ತು. ನಾನು ಗುಮಾಸ್ತರ ಕಡೆ ನೋಡಿದೆ. ಅವರು ಎರಡು ಕೈಯಲ್ಲೂ ಚೀಲ ಹಿಡಿದುಕೊಂಡು ಪೆನ್ಸಿಲಿನ ತುದಿಯನ್ನೇ ನೋಡುತ್ತಿದ್ದರು.